ಆಟದ ಗಂಟೆಯನ್ನು ಕಸಿಯಬೇಡಿ

“ಆಟದಿಂದ ಹೊಟ್ಟೆ ತುಂಬುತ್ತದೆಯೇ?” ಎಂದು ಹಿರಿಯರು ನಮ್ಮನ್ನು ಕೇಳುತ್ತಾರೆ. ಊರು ಬಿಟ್ಟು ಗೋವಾಕ್ಕೆ ಬಂದು, ಬೆವರು ಸುರಿಸಿ ನಮ್ಮನ್ನು ಓದಿಸುತ್ತಿರುವ ತಂದೆತಾಯಿಗಳ ಪ್ರಶ್ನೆಯದು. ಅದನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ ನಮಗೆ ತೋರಿದ್ದನ್ನು ವಿನಯದಿಂದ ಹೇಳಬಯಸುತ್ತೇವೆ.

ಎರಡು ಮಹಾಯುದ್ಧಗಳ ನಡುವೆ, 1927–28ರಲ್ಲಿ, ಇಂಗ್ಲೆಂಡಿನ ಎವರ್ಟನ್ ತಂಡದ ಡಿಕ್ಸಿ ಡೀನ್ ಒಂದೇ ವರ್ಷದ ಲೀಗ್ ಪಂದ್ಯಗಳಲ್ಲಿ 60 ಗೋಲು ಹೊಡೆದರು. ಅವರ ಊರಿನವರು ಅದನ್ನು ಮರೆಯಲಿಲ್ಲ. 2001ರಲ್ಲಿ ಮೈದಾನದ ಹೊರಗೆ ಅವರ ಪ್ರತಿಮೆಯನ್ನು ನಿಲ್ಲಿಸಿದರು.

ಅಷ್ಟು ದೂರವೇಕೆ? ಇದೇ ಗೋವಾದ ಅಸಗಾಂವ್ ಮೂಲದ ನೆವಿಲ್ ಡಿಸೋಜ ಬೊಂಬಾಯಿಯ ಟಾಟಾ ತಂಡದ ಆಟಗಾರರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ ಭಾರತ 4–2ರಿಂದ ಸೋಲಿಸಿದಾಗ ಮೂರು ಗೋಲು ಅವರವೇ. ಒಲಿಂಪಿಕ್ಸಿನ ಕಾಲ್ಚೆಂಡಾಟದಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯಾದವರು ಅವರು. ಸೆಮಿಫೈನಲ್ಲಿನಲ್ಲಿ ಯುಗೊಸ್ಲಾವಿಯದ ಎದುರು ಮೊದಲ ಗೋಲನ್ನೂ ಅವರೇ ಹೊಡೆದರು. ಆದರೆ ನಮ್ಮವರು 1–4ರಿಂದ ಸೋತು, ಕೊನೆಗೆ ನಾಲ್ಕನೆಯ ಸ್ಥಾನ ಪಡೆದರು. ಆಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು, ವಿಮೋಚನೆಯಾದದ್ದು 1961ರಲ್ಲಿ. ಆಳುವವರು ಬೇರೆಯಾಗಿದ್ದಾಗಲೇ ಗೋವಾ ಮೂಲದ ಒಬ್ಬರು ಭಾರತದ ಅಂಗಿ ತೊಟ್ಟು ಗೋಲು ಹೊಡೆದರೆಂಬುದು ಎಂಥ ಹೆಮ್ಮೆ! 1980ರಲ್ಲಿ ಅವರು ತೀರಿಕೊಂಡರು. ನಮ್ಮ ತರಗತಿಯಲ್ಲಿ ಕೇಳಿದಾಗ ಅವರ ಹೆಸರು ಬಲ್ಲವರು ಇಬ್ಬರೇ ಇದ್ದರು.

ಕಾಲ್ಚೆಂಡು ಗೋವಾದವರ ಆಟ, ಕನ್ನಡದವರದಲ್ಲ ಎನ್ನುವವರೂ ಉಂಟು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದವರು ಅವರೇ. ಅದು ನಮ್ಮ ನಾಡಿನ ತಂಡವಲ್ಲವೇ?

ಆಟದಿಂದ ಎಲ್ಲರ ಹೊಟ್ಟೆಯೂ ತುಂಬದು, ನಿಜ. ಆದರೆ ಸಂಜೆ ಮೈದಾನದಲ್ಲಿ ಕೊಂಕಣಿಯ ಹುಡುಗ ಚೆಂಡನ್ನು ನಮ್ಮ ಕಾಲಿಗೆ ತಳ್ಳಿದಾಗ ‘ನೀನು ಯಾವ ಊರವನು?’ ಎಂದು ಕೇಳುವುದಿಲ್ಲ. ಆ ಹೊತ್ತು ನಾವು ಹೊರಗಿನವರಲ್ಲ. ಇದನ್ನು ಯಾವ ಪಾಠವೂ ಇಷ್ಟು ಬೇಗ ಕಲಿಸಲಾರದು.

ಪರೀಕ್ಷೆ ಹತ್ತಿರವಾದೊಡನೆ ಶಾಲೆಗಳಲ್ಲಿ ಮೊದಲು ಮಾಯವಾಗುವುದು ಆಟದ ಪಿರಿಯಡ್. ಪುಸ್ತಕ ಮುಚ್ಚಲು ನಾವು ಕೇಳುತ್ತಿಲ್ಲ. ವಾರಕ್ಕೆ ಒಂದು ಗಂಟೆಯಾದರೂ ಮೈದಾನ ತೆರೆದಿರಲಿ ಎಂದು ಗುರುಹಿರಿಯರಲ್ಲಿ ನಮ್ಮ ಬೇಡಿಕೆ. ಓದನ್ನು ನಾವು ಕೈಬಿಡುವುದಿಲ್ಲ; ಇದು ನಮ್ಮ ಮಾತು.