ಬೀಜ ನಮ್ಮದಾದರೆ ಸಾಲದು, ಯಂತ್ರವೂ ನಮ್ಮ ಮಾತು ಕೇಳಬೇಕು



ತೊಗರಿ ಬೆಲೆ, ಕಬ್ಬಿನ ಬಾಕಿ, ಬ್ಯಾಂಕಿನ ನೋಟೀಸು, ಇವುಗಳ ಬಗ್ಗೆ ಈ ಪುಟಗಳಲ್ಲಿ ಓದಿ ರೂಢಿಯಾದವರು ನೀವು. ಇವತ್ತು ನಾನು ಕಂಪ್ಯೂಟರಿನ ಮಾತು ತೆಗೆದರೆ, “ಇವನಿಗೇನು ಬ್ಯಾರೆ ಉದ್ಯೋಗ ಇಲ್ಲೇನು?” ಎಂದು ಕೆಲವರು ನಗಬಹುದು. ನಗ್ರಿ, ಬ್ಯಾಡ ಅನ್ನೂದಿಲ್ಲ. ಆದರೆ ಇದೂ ಸಾಲದ ಮಾತೇ. ಕಡೀತನಕಾ ಓದ್ರಿ, ಆಮ್ಯಾಲೆ ಬೈರಿ.

ನಮ್ಮ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಹಿರಿಯ ಮಗ ಡಿಪ್ಲೊಮಾ ಓದುವಾಗ 2014ರಲ್ಲಿ ಕೊಂಡದ್ದು. ಅವನು ಓದು ಮುಗಿಸಿ ಹೊಟ್ಟೆಪಾಡಿಗೆ ಪುಣೆಗೆ ಹೋದ. ಯಂತ್ರ ಮಗಳ ಪಾಲಿಗೆ ಬಂತು. ಅವಳು ವಿಜಯಪುರದಲ್ಲಿ ಬಿ.ಕಾಂ. ಓದುತ್ತಾಳೆ. ಊರಿಗೆ ಬಂದಾಗ ನಾನೂ ಅದರಲ್ಲಿ ಪಹಣಿ ನೋಡುವುದು, ಹೊಲದ ಖರ್ಚು ಬರೆಯುವುದು, ಸಂಘದ ಅರ್ಜಿ ಟೈಪು ಮಾಡಿಸುವುದು ಉಂಟು. ಬರಬರುತ್ತ ಅದು ಮುದಿ ಎತ್ತಿನಂತಾಯಿತು. ಬೆಳಿಗ್ಗೆ ಗುಂಡಿ ಒತ್ತಿ, ಎಮ್ಮೆ ಹಿಂಡಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಅಂಗಡಿಯವ ಅದನ್ನು ಬಿಚ್ಚಿ ಸಹ ನೋಡಲಿಲ್ಲ. “ಕಾಕಾ, ಇದು ಗುಜರಿ ಮಾಲು. ಹೊಸಾದು 42 ಸಾವಿರಕ್ಕ ಬರತೈತಿ. ರೊಕ್ಕ ಇಲ್ಲಂದ್ರ ಕಂತಿನ ಮ್ಯಾಲ ಕೊಡಿಸ್ತೀನಿ” ಅಂದ. ಅವನ ಮೇಜಿನ ಮೇಲೆ ಸಾಲದ ಅರ್ಜಿಯ ಫಾರ್ಮು ಮೊದಲೇ ತಯಾರಿತ್ತು! ಮಗಳು ನನ್ನ ಮುಖ ನೋಡಿದಳು. “ಅಪ್ಪಾ, ಬ್ಯಾಡ ಬಿಡು, ಗೆಳತಿ ಕಡೆ ಇಸ್ಕೊಂಡು ಬರೀತೀನಿ” ಅಂದಳು. ಆ ಮಾತು ನನಗೆ ಮುಳ್ಳಿನಂತೆ ನಟ್ಟಿತು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಲೆಕ್ಕದಲ್ಲಿ 42 ಸಾವಿರ ಅಂದರೆ ಐದೂಕಾಲು ಕ್ವಿಂಟಲ್ ತೊಗರಿ. ನನ್ನ ಖುಷ್ಕಿ ಹೊಲದಲ್ಲಿ ಎಕರೆಗೆ ಮೂರು ಕ್ವಿಂಟಲ್ ಬಂದರೆ ದೇವರು ಕೊಟ್ಟಂಗ. ಹೆಚ್ಚುಕಡಿಮೆ ಎರಡು ಎಕರೆಯ ಪೂರಾ ಬೆಳೆ ಒಂದು ಡಬ್ಬಿಗೆ! ಬೀಜ, ಗೊಬ್ಬರ, ಎಣ್ಣೆ, ಆಳಿನ ಖರ್ಚು ಬೇರೆ. ಕಂತಿನ ಬಡ್ಡಿ ಬೇರೆ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ.

ಆ ವಾರ ತಂಗಿಯ ಮಗ ಊರಿಗೆ ಬಂದಿದ್ದ. ಯಂತ್ರವನ್ನು ತಿರುವಿ ಮುರುವಿ ನೋಡಿ, “ಮಾಮಾ, ಎತ್ತಿಗೇನೂ ಆಗಿಲ್ಲ, ಹೇರು ಹೆಚ್ಚಾಗೇದ” ಅಂದ. ಕಿಸೆಯಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದ. ಅದರಲ್ಲಿದ್ದದ್ದು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಒಳಗಿನದನ್ನು ಮುಟ್ಟದೆ, ಪೆನ್ ಡ್ರೈವಿನಿಂದಲೇ ಒಂದು ದಿನ ನಡೆಸಿ ತೋರಿಸಿದ. ಮರುದಿನ ಹಳೆಯ ಡಿಸ್ಕ್ ತೆಗೆದು 2,200 ರೂಪಾಯಿಯ ಎಸ್.ಎಸ್.ಡಿ. ಡಿಸ್ಕ್ ಹಾಕಿ, ಹೊಸ ವ್ಯವಸ್ಥೆಯನ್ನು ಅದರ ಮೇಲೆ ಇಳಿಸಿದ. ಈಗ ಗುಂಡಿ ಒತ್ತಿ ಕನ್ನಡಕ ಏರಿಸುವುದರೊಳಗೆ ಯಂತ್ರ ತಯಾರು. ಈ ಚುರುಕಿನಲ್ಲಿ ಹೊಸ ಡಿಸ್ಕಿನ ಪಾಲೂ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಆದರೆ 42 ಸಾವಿರ ಎಲ್ಲಿ, 2,200 ಎಲ್ಲಿ?

ಆಪರೇಟಿಂಗ್ ಸಿಸ್ಟಮ್ ಅಂದರೆ ಏನು? ಯಂತ್ರ ಅಂದರೆ ಎತ್ತು. ಟೈಪು ಮಾಡುವುದು, ಲೆಕ್ಕ ಹಾಕುವುದು, ಚಿತ್ರ ನೋಡುವುದು ಹೊಲದ ಕೆಲಸ. ಎತ್ತಿನಿಂದ ಆ ಕೆಲಸ ಮಾಡಿಸಲು ಗಳೆ ಹೊಡೆಯುವವನೊಬ್ಬ ಬೇಕಲ್ಲ, ಅವನೇ ಆಪರೇಟಿಂಗ್ ಸಿಸ್ಟಮ್. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಅಂಥದೊಂದು. ಅದು ಕಂಪನಿಯ ಆಳು. ನೀವು ಎಷ್ಟೇ ರೊಕ್ಕ ಕೊಟ್ಟರೂ ನಿಮ್ಮ ಆಳಾಗುವುದಿಲ್ಲ. ನಿಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ.

ಕಂಪನಿ 2015ರಲ್ಲಿ ವಿಂಡೋಸ್ 10 ಬಿಟ್ಟಿತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ನೋಂದಣಿ ಮಾಡಿಕೊಂಡ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚಿನ ವಾಯಿದೆ ಕೊಟ್ಟಿತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಆದರೆ ಕಳ್ಳ ನುಗ್ಗುವ ಕಿಂಡಿಗಳನ್ನು ಮುಚ್ಚುವವರು ಇರುವುದಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಟಿ.ಪಿ.ಎಂ. 2.0 ಅನ್ನುವ ಭದ್ರತಾ ಏರ್ಪಾಟು ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಆ ಪಟ್ಟಿಗೆ ಸೇರುವುದಿಲ್ಲ. ಕಂಪನಿ ಇದಕ್ಕೆ ಭದ್ರತೆಯ ಕಾರಣ ಕೊಡುತ್ತದೆ, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಗಟ್ಟಿಯಿರುವ ಬಂಡಿಗೆ “ನಿನಗೆ ಈ ರಸ್ತೆ ಇಲ್ಲ” ಎಂದರೆ ಹೊಸ ಬಂಡಿಯ ಸಾಲ ಹೊರುವವರು ಯಾರು?

ಇನ್ನು ಮುಕ್ತ ತಂತ್ರಾಂಶದ ಕಥೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅನ್ನುವವರು ಗ್ನೂ ಎಂಬ ಯೋಜನೆ ಸಾರಿದರು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಅದರ ಒಳಗನ್ನು ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಬಹುದು, ನೆರೆಯವರಿಗೆ ಹಂಚಬಹುದು, ಈ ನಾಲ್ಕು ಹಕ್ಕು ಎಲ್ಲರಿಗೂ ಇರಬೇಕು ಅನ್ನುವುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳು ಬರೆದು ಎಲ್ಲರ ಮುಂದಿಟ್ಟ. ಎರಡೂ ಕೂಡಿ ಪೂರ್ತಿ ವ್ಯವಸ್ಥೆಯಾಯಿತು. ಉಬುಂಟು, ಡೆಬಿಯನ್, ಮಿಂಟ್ ಎಲ್ಲ ಅದರ ತಳಿಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಬಾಸ್ ಎಂಬ ತಳಿ ತಂದಿತು. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಒಳಗಿರುವ ತಿರುಳೂ ಲಿನಕ್ಸೇ. ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ದಿಂದ ಎಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಹೀಗಿರುವಾಗ “ಪುಕ್ಕಟೆ ಮಾಲು, ಕಳಪೆ ಇರ್ತೈತಿ” ಅನ್ನುವವರ ಮಾತಿಗೆ ಏನು ಬೆಲೆ?

ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ ‘ಫ್ರೀ’ ಅನ್ನುವ ಒಂದೇ ಮಾತು. ನಮ್ಮ ಕನ್ನಡದಲ್ಲಿ ಆ ಗೊಂದಲವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಇದನ್ನು ರೈತನಿಗೆ ತಿಳಿಸಿ ಹೇಳಬೇಕಾಗಿಲ್ಲ. ನಮ್ಮ ಅವ್ವ ಜೋಳದ ದಪ್ಪ ತೆನೆ ಆರಿಸಿ, ಬೂದಿ ಕಲಸಿ, ಗಡಿಗೆಯಲ್ಲಿ ಬೀಜ ಇಡುತ್ತಿದ್ದಳು. ಬಿತ್ತುವ ಕಾಲಕ್ಕೆ ಓಣಿಯವರು ಬಂದರೆ ಸೇರು ಅಳೆದು ಕೊಡುತ್ತಿದ್ದಳು. ಪರವಾನಗಿ ಕೇಳಲಿಲ್ಲ, “ನನ್ನ ಬೀಜ ನೀ ಇನ್ನೊಬ್ಬರಿಗೆ ಕೊಡಬ್ಯಾಡ” ಅನ್ನಲಿಲ್ಲ. ಆ ಹಕ್ಕಿಗಾಗಿಯೇ 1990ರ ದಶಕದಲ್ಲಿ ಪ್ರೊ. ನಂಜುಂಡಸ್ವಾಮಿಯವರ ಜೊತೆ ಈ ನಾಡಿನ ರೈತರು ಬೀದಿಗೆ ಇಳಿದರು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯಿದೆಯ 39ನೇ ಕಲಮು ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಬಿಟ್ಟಿದೆ. ಬ್ರಾಂಡಿನ ಹೆಸರಲ್ಲಿ ಮಾರುವಂತಿಲ್ಲ, ಅಷ್ಟೆ. ಬೀಜದ ವಿಷಯದಲ್ಲಿ ಇಷ್ಟು ತಿಳಿದ ನಾವು ಯಂತ್ರದ ವಿಷಯದಲ್ಲಿ ಯಾಕೆ ಕಣ್ಣು ಮುಚ್ಚಿ ಕೂತೇವು?

“ರೊಕ್ಕ ಇಲ್ಲದೆ ಯಾರು ದುಡೀತಾರ?” ಎಂದು ಕೇಳುವಿರಿ. ಒಳ್ಳೆಯ ಪ್ರಶ್ನೆ. ಕೆಲವರು ಮುಯ್ಯಾಳಿನಂತೆ ದುಡಿಯುತ್ತಾರೆ: ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಬಹಳಷ್ಟು ಮಂದಿ ಕಂಪನಿಗಳ ಪಗಾರದ ಮೇಲೆಯೇ ದುಡಿಯುತ್ತಾರೆ. ಲಿನಕ್ಸಿನ ಸೇವೆ ಮಾರುವ ರೆಡ್ ಹ್ಯಾಟ್ ಕಂಪನಿಯನ್ನು ಐ.ಬಿ.ಎಂ. 2019ರಲ್ಲಿ 34 ಬಿಲಿಯನ್ ಡಾಲರಿಗೆ ಕೊಂಡಿತು. ಅಂದರೆ ಇದು ಧರ್ಮಛತ್ರವಲ್ಲ. ಆದರೆ ಮುಕ್ತ ಪರವಾನಗಿಯಲ್ಲಿ ಒಮ್ಮೆ ಹೊರಬಿದ್ದ ತಂತ್ರಾಂಶವನ್ನು ಯಾವ ಸಾಹುಕಾರನೂ ವಾಪಸು ಕಸಿಯಲಾರ.

ತೊಂದರೆಯನ್ನೂ ಹೇಳುತ್ತೇನೆ, ಮಾಲು ಮಾರುವ ದಲಾಲಿ ನಾನಲ್ಲ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಅದರಲ್ಲಿ ಲೆಕ್ಕ ಇಡುವ ಅಡತಿಯವರು ಅವಸರ ಮಾಡಬಾರದು. ಕೆಲವು ಪ್ರಿಂಟರ್ ಹಟ ಮಾಡುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಬರೆದ ಕಾಗದ ತೆರೆದರೆ ಇರುವೆ ಹರಿದಂತೆ ಕಾಣುತ್ತದೆ. ಅದನ್ನು ಯುನಿಕೋಡಿಗೆ ತಿರುಗಿಸಿಕೊಳ್ಳಬೇಕು. ಸಂಘದ ಹಳೆಯ ಠರಾವುಗಳನ್ನು ತಿರುಗಿಸಲು ನಮಗೆ ಎರಡು ರಾತ್ರಿ ಹಿಡಿಯಿತು. ಹೊಸದಾಗಿ ಕನ್ನಡ ಬರೆಯಲು ಅಡ್ಡಿಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನೊಳಗೇ ಇದೆ. ಕಾಗದ ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್, ಜಾಲ ನೋಡಲು ಫೈರ್‌ಫಾಕ್ಸ್ ಮಿಂಟಿನ ಜೊತೆಗೇ ಬರುತ್ತವೆ. ವೈರಸ್ ಬರುವುದೇ ಇಲ್ಲ ಅನ್ನುವವರನ್ನು ನಂಬಬೇಡಿ. ಕಾಟ ಕಡಿಮೆ, ಅಷ್ಟೆ. ಫೋನು ಮಾಡಿ ಓ.ಟಿ.ಪಿ. ಕೇಳುವ ಕಳ್ಳನಿಗೆ ಯಾವ ಲಿನಕ್ಸೂ ಬೇಲಿಯಲ್ಲ.

ಮಾಡಬೇಕೆನ್ನುವವರಿಗೆ ನಾಲ್ಕು ಮಾತು. ಮೊದಲು ಫೋಟೋ, ಮಾರ್ಕ್ಸ್ ಕಾರ್ಡ್, ಕಾಗದಪತ್ರ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಇದನ್ನು ಮರೆತವರು ಆಮೇಲೆ ಅತ್ತಿದ್ದಾರೆ. ಎರಡನೆಯದು, 8 ಜಿ.ಬಿ. ಪೆನ್ ಡ್ರೈವಿಗೆ ಮಿಂಟ್ ಹಾಕಿಸಿಕೊಳ್ಳಿ. ಮೂರನೆಯದು, ಒಳಗೆ ಇಳಿಸುವ ಮೊದಲು ಪೆನ್ ಡ್ರೈವಿನಿಂದಲೇ ನಡೆಸಿ ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಿ. ಎತ್ತು ಕೊಳ್ಳುವ ಮುಂಚೆ ಹಲ್ಲು ನೋಡುವುದಿಲ್ಲವೇ, ಹಾಗೆ. ನಾಲ್ಕನೆಯದು, ಯಂತ್ರದಲ್ಲಿ 4 ಜಿ.ಬಿ. ರ್ಯಾಮ್ ಇದ್ದರೆ ಸಾಕು, 2 ಜಿ.ಬಿ. ಮಾತ್ರ ಇದ್ದರೆ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರ ತಳಿ ಆರಿಸಿ.

ಒಂದು ಮನೆಯ ಮಾತಾಯಿತು, ಇನ್ನು ಊರಿನ ಮಾತು. ಪಕ್ಕದ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಮುಕ್ತ ತಂತ್ರಾಂಶದ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ, ಪಠ್ಯಪುಸ್ತಕ ಕನ್ನಡದಲ್ಲಿ. 2019ರಲ್ಲಿ ಅಲ್ಲಿಯ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹೊಸ ಲಿನಕ್ಸ್ ಹಾಕುವಾಗ, ಪರವಾನಗಿಯ ಹಣದಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಅದನ್ನು ನಡೆಸುವ ಕೈಟ್ ಸಂಸ್ಥೆ ಲೆಕ್ಕ ಹೇಳಿತು. ಕಾಸರಗೋಡಿನ ಕನ್ನಡದ ಕೂಸಿಗೆ ಸಾಧ್ಯವಾದದ್ದು ಹೂವಿನ ಹಿಪ್ಪರಗಿಯ ಕೂಸಿಗೆ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಸರಕಾರಿ ಶಾಲೆಗೆ, ಗ್ರಾಮ ಪಂಚಾಯತಿಗೆ, ಸಹಕಾರಿ ಸಂಘಕ್ಕೆ ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ, ಹಳೆಯದಕ್ಕೆ ಮುಕ್ತ ವ್ಯವಸ್ಥೆ ಹಾಕಿ ನೋಡಿದಿರಾ ಎಂದು ಕೇಳೋಣ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ರಿಪೇರಿ ಬಲ್ಲ ಇಬ್ಬರು ಹುಡುಗರನ್ನು ಪ್ರತಿ ಹೋಬಳಿಯಲ್ಲೂ ತಯಾರು ಮಾಡೋಣ. ಗುಜರಿ ಎಂದು ಮೂಲೆಗೆ ಒಗೆದ ಯಂತ್ರಗಳು ಎಷ್ಟು ಮನೆಗಳಲ್ಲಿ ಧೂಳು ತಿನ್ನುತ್ತಿವೆ, ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ.

ಸಾಲ ಬರುವಾಗ ಒಮ್ಮೆಲೆ ಬಾಗಿಲು ಬಡಿಯುವುದಿಲ್ಲ. ಒಂದು ಕಂತು ಮೊಬೈಲಿಗೆ, ಒಂದು ಕಂತು ಮೋಟರ್ ಸೈಕಲ್ಲಿಗೆ, ಒಂದು ಕಂತು ಲ್ಯಾಪ್‌ಟಾಪಿಗೆ, ಹೀಗೆ ಮೆಲ್ಲಗೆ ಒಳಗೆ ಬಂದು ಕೂಡುತ್ತದೆ. ಬೆಲೆಗಾಗಿ ಸರಕಾರದ ಜೊತೆ ಜಗಳ ಆಡೋಣ, ಅದು ಇದ್ದದ್ದೇ. ಆದರೆ ಬೇಡದ ಸಾಲಕ್ಕೆ ಬೇಡ ಅನ್ನಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಮಗಳು ಮೊನ್ನೆ ಅದೇ ಹಳೆಯ ಯಂತ್ರದಲ್ಲಿ ಪರೀಕ್ಷೆಯ ಟಿಪ್ಪಣಿ ಬರೆದು ಮುಗಿಸಿದಳು. ಅವಳ ಗೆಳತಿಯರಿಬ್ಬರು ತಮ್ಮ ಯಂತ್ರ ಹೊತ್ತು ನಮ್ಮ ಮನೆಗೆ ಬಂದಿದ್ದರು. ಪೆನ್ ಡ್ರೈವ್ ಕೊಟ್ಟು ಕಳಿಸಿದೆವು. ನಮ್ಮ ಅವ್ವ ಇದ್ದಿದ್ದರೆ ಸೇರಿನಲ್ಲಿ ಅಳೆದೇ ಕೊಡುತ್ತಿದ್ದಳು.