ಥಾಂಬ್, ಥಾಂಬಾ

ಪುಣೆಗೆ ಬಂದ ನಾವು ಮರಾಠಿ ಕಲಿಯುವುದು ಹೆಚ್ಚಾಗಿ ಅಪ್ಪಣೆಗಳಿಂದಲೇ. ‘ಯೇ’, ‘ದೇ’, ‘ಥಾಂಬ್’. ಮನೆಗೆಲಸದವರ ಹತ್ತಿರ, ರಿಕ್ಷಾದವರ ಹತ್ತಿರ, ಸೊಸೈಟಿಯ ವಾಚ್‌ಮನ್ ಹತ್ತಿರ ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಆದರೆ ‘ಯಾ’, ‘ದ್ಯಾ’, ‘ಥಾಂಬಾ’ ಎಂದೂ ಹೇಳಬಹುದು. ನಮ್ಮ ಬಾ–ಬನ್ನಿ, ಕೊಡು–ಕೊಡಿ ಇದ್ದ ಹಾಗೆ. ವ್ಯತ್ಯಾಸ ಒಂದೇ ಒಂದು ಸ್ವರದ್ದು. ಊರಿನಲ್ಲಿ ಹಿರಿಯರಿಗೆ ‘ಬಾ’ ಎನ್ನಲು ನಾಲಿಗೆ ಏಳದವರೂ ಇಲ್ಲಿ ‘ಪರಭಾಷೆ ತಾನೇ, ನಡೆಯುತ್ತೆ’ ಎಂದುಬಿಡುತ್ತಾರೆ.

ಕ್ರೈಸ್ತಳಾದ ನನಗೆ ಇದು ಬರೀ ವ್ಯಾಕರಣವಲ್ಲ. ಜ್ಞಾನೋಕ್ತಿಗಳ 15ನೇ ಅಧ್ಯಾಯ ಶುರುವಾಗುವುದೇ ಮೃದುವಾದ ಉತ್ತರದಿಂದ. ಓದುವುದು ಸುಲಭ. ಹಾಗೆ ಬದುಕಿದವರು ಯಾರೆಂದು ಹುಡುಕಿದರೆ, ಪುಣೆಯ ಹತ್ತಿರವೇ ಪಂಡಿತಾ ರಮಾಬಾಯಿ ಸಿಗುತ್ತಾರೆ.

1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1882ರಲ್ಲಿ, ವಿಧವೆಯಾದ ವರ್ಷವೇ, ಪುಟ್ಟ ಮಗಳೊಂದಿಗೆ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೆ ಪುಣೆಯ ಪತ್ರಿಕೆಗಳಿಂದ ಕಟುವಾದ ಮಾತುಗಳನ್ನು ಕೇಳಬೇಕಾಯಿತು.

ಅವರು ಮುಕ್ತಿ ಮಿಷನ್ ಕಟ್ಟಿದ್ದು ಕೇಡಗಾಂವದಲ್ಲಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವಾಗ ದೌಂಡ್ ಆದ ಮೇಲೆ ಆ ನಿಲ್ದಾಣ ಹಾದುಹೋಗುತ್ತದೆ. ಹೆಸರಿನಲ್ಲಿ ನಮ್ಮ ಕಿವಿಗೆ ‘ಕೇಡು’ ಕೇಳಿಸಿದರೂ ಅಲ್ಲಿ ನಡೆದದ್ದು ಒಳಿತು. ‘ಕೆಟ್ಟವಳು’ ಎಂದು ಸಮಾಜ ಹೊರಗಟ್ಟಿದ ಹೆಂಗಸರಿಗಾಗಿ ಅಲ್ಲೊಂದು ಮನೆ ಇತ್ತು. ರಮಾಬಾಯಿ ಅದಕ್ಕಿಟ್ಟ ಹೆಸರು ಕೃಪಾಸದನ. ವಯಸ್ಸಾದ ಹೆಂಗಸರ ಮನೆ ಪ್ರೀತಿಸದನ. ಊರು ಬೈಗುಳ ಅಂಟಿಸಿದ್ದವರಿಗೆ ಅವರು ಬೇರೆ ಹೆಸರು ಕೊಟ್ಟರು. ಓದುಬರಹ ಕಡಿಮೆ ಇದ್ದವರಿಗೂ ತಿಳಿಯಲೆಂದು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು.

ಹಾಗೆಂದು ಅವರು ಎಲ್ಲದಕ್ಕೂ ತಲೆಯಾಡಿಸುವವರಲ್ಲ. ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು 1882ರಲ್ಲಿ ಹಂಟರ್ ಆಯೋಗದ ಮುಂದೆ ನೇರವಾಗಿ ಹೇಳಿದರು. ಇಂಗ್ಲೆಂಡಿನಲ್ಲಿ ತಮಗೆ ಆಶ್ರಯ ಕೊಟ್ಟ ಸಂನ್ಯಾಸಿನಿಯರ ಜೊತೆಗೂ ಒಪ್ಪದ ಕಡೆ ವಾದಿಸಿದರು. ಮೃದುವಾದ ಮಾತು ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. ಎದುರಿಗಿರುವವರನ್ನು ಕುಗ್ಗಿಸದೆ ಹೇಳಬೇಕಾದ್ದನ್ನು ಹೇಳುವುದು.

ಆಫೀಸಿನಲ್ಲಿ ಮೇಲಿನವರ ಮುಂದೆ ನಾವೆಲ್ಲರೂ ಮೃದುವೇ. ತಿರುಗಿ ಮಾತಾಡಲಾಗದವರ ಮುಂದೆ ಬಾಯಿಂದ ಏನು ಬರುತ್ತದೆ ಎಂಬುದೇ ಪರೀಕ್ಷೆ. ಅದಕ್ಕೇ ನಮ್ಮ ಮನೆಯಲ್ಲಿ ಮಕ್ಕಳಿಗೆ ನಾನು ಮೊದಲು ಕಲಿಸಿದ ಮರಾಠಿ ‘ಥಾಂಬಾ’. ‘ಥಾಂಬ್’ ಅನ್ನು ಅವರು ಬೀದಿಯಲ್ಲಿ ಹೇಗೂ ಕಲಿಯುತ್ತಾರೆ.