ಪ್ರಶ್ನೆಯೂ ಜೋಳಿಗೆಗೆ ಬೀಳಲಿ



ಜಂಗಮವೆಂದರೆ ಚಲನೆ. ಒಂದೆಡೆ ನೆಲೆನಿಲ್ಲದೆ ಭಕ್ತರ ಮನೆಬಾಗಿಲಿಗೆ ತಾನೇ ನಡೆದುಹೋಗುವುದು ಜಂಗಮದ ಲಕ್ಷಣವೆಂದು ನಮ್ಮ ಪರಂಪರೆ ತಿಳಿಯಿತು. ಜೋಳಿಗೆ ಹಿಡಿದು ಹೊಸ್ತಿಲ ಮುಂದೆ ನಿಂತ ಜಂಗಮನು ಕೊಡುವವನೂ ಹೌದು, ಪಡೆಯುವವನೂ ಹೌದು. ಜೋಳಿಗೆಗೆ ಹಿಟ್ಟು ಬೀಳುತ್ತಿತ್ತು, ಮನೆಯೊಳಕ್ಕೆ ಅರಿವಿನ ಮಾತು ಹೋಗುತ್ತಿತ್ತು. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಪೂಜ್ಯ ಮಹಾಂತ ಸ್ವಾಮಿಗಳು ಈ ಪದ್ಧತಿಗೆ ಹೊಸ ಅರ್ಥವನ್ನೇ ಕೊಟ್ಟರು. ಮನೆ ಮನೆಗೆ ಹೋಗಿ ಕಾಳು ಕಾಸನ್ನು ಕೇಳದೆ, ‘ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ’ ಎಂದು ಬೇಡಿದರು. ಮಹಾಂತ ಜೋಳಿಗೆಯೆಂದು ಅದು ನಾಡಿನಲ್ಲೆಲ್ಲ ಹೆಸರಾಯಿತು. ಅವರು ಬಾಗಿಲಿಗೆ ಹೋದದ್ದು ಬೇಡುವುದಕ್ಕೆ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಶ್ರಾವಣ ಮಾಸದಲ್ಲಿ ನಮ್ಮ ಮಠದ ಸದ್ಭಕ್ತರು, ವಿಶೇಷವಾಗಿ ತರುಣ ತರುಣಿಯರು, ವಚನದ ಕಿರುಹೊತ್ತಗೆ ಮತ್ತು ವಿಭೂತಿಯನ್ನು ಹಿಡಿದು ಮನೆ ಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ಒಂದು ವಚನವನ್ನು ಹಾಡಿ, ಅದರ ಭಾವವನ್ನು ನಾಲ್ಕು ಮಾತಿನಲ್ಲಿ ವಿವರಿಸಿ, ಇಷ್ಟಲಿಂಗ ಪೂಜೆಯ ಮಹತ್ವವನ್ನು ತಿಳಿಸಿ ಬರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆದರದ ಸ್ವಾಗತ ದೊರೆಯುತ್ತದೆ. ಕೆಲವು ಮನೆಗಳಲ್ಲಿ ಹೊತ್ತಗೆಗೆ ಬದಲಾಗಿ ಪ್ರಶ್ನೆ ದೊರೆಯುತ್ತದೆ. ಈ ಲೇಖನ ಆ ಪ್ರಶ್ನೆಗಳನ್ನು ಕುರಿತದ್ದು.

ಮೂರು ಪ್ರಶ್ನೆಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಮೊದಲನೆಯದು ಕಾಲೇಜಿನಲ್ಲಿ ಓದುವ ತರುಣನದು. “ದೇಹವೇ ದೇಗುಲ ಎನ್ನುತ್ತೀರಿ, ಕಲ್ಲಿನ ದೇವರನ್ನು ಪೂಜಿಸಬೇಡಿ ಎನ್ನುತ್ತೀರಿ. ಹಾಗಾದರೆ ಅಂಗೈಯಲ್ಲಿ ಈ ಲಿಂಗ ಯಾಕ್ರೀ?” ಎಂದು ಅವನು ಕೇಳಿದ. ಎರಡನೆಯದು ನಮ್ಮದೇ ಸಮಾಜದ ಗೃಹಿಣಿಯೊಬ್ಬರದು. “ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ ಅಂತ ನೀವು ಹೇಳ್ತೀರಿ. ತಿಂಗಳಿಗೆ ಮೂರು ದಿನ ನಾನು ಪೂಜಾ ಕೋಣಿ ದಾಟಂಗಿಲ್ಲ. ಒಳಗ ನಮ್ಮ ಅತ್ತಿಯವರು ಅದಾರ, ಅವರಿಗೊಮ್ಮೆ ಹೇಳಿ ಹೋಗ್ರಿ ಯಕ್ಕಾ” ಎಂದು ಅವರು ನಮ್ಮ ತಂಡದ ಸೋದರಿಯ ಕೈ ಹಿಡಿದರು. ಮೂರನೆಯದು ಊರ ಹೊರಗಿನ ಕೇರಿಯಲ್ಲಿರುವ ನಿವೃತ್ತ ಶಿಕ್ಷಕರದು. ಅವರು ಎಲ್ಲರನ್ನೂ ಕೂರಿಸಿ, ವಚನವನ್ನು ಕಣ್ಮುಚ್ಚಿ ಕೇಳಿ, ಬಳಿಕ ಮೆಲ್ಲನೆ ಹೇಳಿದರು: “ತಮ್ಮಾ, ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನ ಕೊಟ್ಟ ಕಥಿ ನನಗೂ ಗೊತ್ತೈತಿ. ನಾನ ಸಾಲ್ಯಾಗ ಹೇಳೀನಿ. ಆ ಮ್ಯಾಲೆ ನಿಮ್ಮ ಮಠದ ಕಲ್ಯಾಣ ಮಂಟಪದಾಗ ಅಂಥಾ ಲಗ್ನ ಎಷ್ಟ ಆಗ್ಯಾವು?”

ಈ ಮೂರನ್ನೂ ಕೇಳಿಬಂದ ಬಳಿಕ ಭಕ್ತರ ಸಭೆಯಲ್ಲಿ ಎರಡು ಸಲಹೆಗಳು ಬಂದವು. ವಾದ ಮಾಡುವವರ ಮನೆಗಳನ್ನು ಮುಂದಿನ ಸಲ ಬಿಟ್ಟುಬಿಡಬೇಕು ಎಂಬುದು ಒಂದು. ಇಂಥ ಪ್ರಶ್ನೆಗಳಿಗೆಲ್ಲ ಸಿದ್ಧ ಉತ್ತರಗಳನ್ನು ಬರೆಸಿ, ಒಂದು ಪ್ರಶ್ನೋತ್ತರ ಮಾಲಿಕೆಯನ್ನು ಅಚ್ಚು ಹಾಕಿಸಿ, ತರುಣರಿಗೆ ಕಂಠಪಾಠ ಮಾಡಿಸಬೇಕು ಎಂಬುದು ಇನ್ನೊಂದು. ಎರಡೂ ಧರ್ಮಾಭಿಮಾನದಿಂದಲೇ ಬಂದವು ಎಂಬುದರಲ್ಲಿ ಸಂಶಯವಿಲ್ಲ. ಆ ಮಾಲಿಕೆಯನ್ನು ಬರೆಯುವ ಕೆಲಸ ನನ್ನ ಪಾಲಿಗೇ ಬರುವಂತಿತ್ತು. ಆದರೂ ಎರಡನ್ನೂ ಒಪ್ಪಬಾರದೆಂಬುದು ನನ್ನ ವಿನಮ್ರ ಅಭಿಪ್ರಾಯ. ಕಾರಣಗಳನ್ನು ಶರಣರ ಚರಿತ್ರೆಯಿಂದಲೇ ಹೇಳುತ್ತೇನೆ.

ನಮ್ಮ ಧರ್ಮದ ಮಹಾಗ್ರಂಥಗಳಲ್ಲಿ ಒಂದಾದ ಶೂನ್ಯಸಂಪಾದನೆಯನ್ನು ತೆರೆದು ನೋಡಿರಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಅದನ್ನು ಮೊದಲು ಸಂಪಾದಿಸಿದರು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಅದನ್ನು ಬೆಳೆಸಿದರು. ಈ ಗ್ರಂಥದ ಶರೀರವೆಲ್ಲ ಸಂವಾದವೇ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ, ಉತ್ತರದ ಒಳಗಿಂದ ಮತ್ತೊಂದು ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗಳನ್ನು ತೆಗೆದುಹಾಕಿದರೆ ಗ್ರಂಥವೇ ಉಳಿಯುವುದಿಲ್ಲ.

ಸಿದ್ಧರಾಮರ ಪ್ರಸಂಗವನ್ನು ನೆನೆಯೋಣ. ಸೊನ್ನಲಿಗೆಯಲ್ಲಿ ಅವರು ಕೆರೆ ಕಟ್ಟಿಸುತ್ತಿದ್ದರು, ದೇಗುಲಗಳನ್ನು ಎತ್ತಿಸುತ್ತಿದ್ದರು. ಲೋಕಕ್ಕೆ ಅದು ದೊಡ್ಡ ಪುಣ್ಯದ ಕೆಲಸ. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಮಣ್ಣು ಅಗೆಯುವವನೆಂದು ಹಂಗಿಸಿ ಕರೆದರು. ಕೆರೆಯ ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರಿದರು. ಸಿದ್ಧರಾಮರೂ ಮೊದಲು ಕೋಪಗೊಂಡರು. ಕೋಪ ಇಳಿದ ಬಳಿಕ ಅವರು ಪ್ರಭುವಿನ ಮಾತಿಗೆ ಕಿವಿಗೊಟ್ಟರು, ಅವರೊಡನೆ ಕಲ್ಯಾಣಕ್ಕೆ ನಡೆದರು, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು, ಕೊನೆಗೆ ಶೂನ್ಯಪೀಠವನ್ನೇರಿದರು. ಕಲ್ಲು ತೂರಿದವರ ಭಕ್ತಿ ಕಡಿಮೆಯದಾಗಿರಲಿಲ್ಲ. ಆದರೆ ಅವರ ಭಕ್ತಿ ತಮ್ಮ ಗುರುವನ್ನು ಕಾಯುವುದರಲ್ಲೇ ನಿಂತಿತು. ಗುರುವಿನ ಭಕ್ತಿ ಪ್ರಶ್ನೆಯ ಹಿಂದೆ ನಡೆದುಹೋಯಿತು.

ಅಕ್ಕಮಹಾದೇವಿ ಅನುಭವ ಮಂಟಪಕ್ಕೆ ಬಂದಾಗಲೂ ಹೂಮಾಲೆ ಕಾದಿರಲಿಲ್ಲ. ನಿನ್ನ ಪತಿ ಯಾರು, ಉಡುಗೆಯನ್ನು ತೊರೆದ ಮೇಲೆ ಕೂದಲಿನ ಮರೆ ಏಕೆ ಎಂದು ತುಂಬಿದ ಸಭೆಯಲ್ಲಿ ಪ್ರಭುಗಳು ಕೇಳಿದರು. ಕೇಳಿದವರ ಮಾತು ನಿಷ್ಠುರವಾಗಿತ್ತು. ಅಕ್ಕನ ಉತ್ತರದಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ತಾನು ಬದುಕಿದ್ದನ್ನೇ ಅವಳು ಉತ್ತರವಾಗಿ ಕೊಟ್ಟಳು. ಕಂಠಪಾಠದ ಉತ್ತರವಾಗಿದ್ದರೆ ಆ ಸಭೆ ಅಂದೇ ಗುರುತಿಸುತ್ತಿತ್ತು.

ಇನ್ನು ಹೊಸ್ತಿಲಲ್ಲೇ ನಡೆದ ಪ್ರಶ್ನೆ ಬೇಕೆಂದರೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೊಂದು ಏಕೆ ಎಂದು ಅವಳು ತಡೆದು ಕೇಳಿದಳು, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಕಾಯಕನಿಷ್ಠೆಗೆ ಹೆಸರಾದ ಶರಣ. ಅಂಥವನಿಗೂ ಕಾಯಕದ ಮರ್ಮವನ್ನು ಮನೆಯ ಬಾಗಿಲಲ್ಲಿ ಕೇಳಿಸಿಕೊಳ್ಳಬೇಕಾಯಿತು. ಅವನು ವಾದಿಸದೆ ಮರಳಿ ನಡೆದ. ನಮ್ಮ ತಂಡದ ಸೋದರಿಯ ಕೈ ಹಿಡಿದ ಆ ಗೃಹಿಣಿಯಲ್ಲಿ ನನಗೆ ಲಕ್ಕಮ್ಮನೇ ಕಾಣಿಸುತ್ತಾಳೆ.

ಹಾಗಾದರೆ ಕೇಳಿದ್ದಕ್ಕೆಲ್ಲ ತಲೆಬಾಗುತ್ತ ಬರಬೇಕೆ, ಇದರಿಂದ ತರುಣರ ಶ್ರದ್ಧೆ ಸಡಿಲವಾಗದೆ ಎಂದು ಹಿರಿಯರು ಕೇಳಬಹುದು. ಈ ಆತಂಕ ಸಹಜವಾದದ್ದು. ಉತ್ತರವಿರುವ ಪ್ರಶ್ನೆಗೆ ಉತ್ತರವನ್ನು ನಿಸ್ಸಂಕೋಚವಾಗಿ ಕೊಡಲೇಬೇಕು. ಕಾಲೇಜಿನ ತರುಣನ ಪ್ರಶ್ನೆ ಅಂಥದು. ಇಷ್ಟಲಿಂಗ ಅರಿವಿನ ಕುರುಹು. ಅದು ಗುಡಿಯಲ್ಲಿ ಕುಳಿತು ಭಕ್ತನನ್ನು ತನ್ನಲ್ಲಿಗೆ ಕರೆಯುವುದಿಲ್ಲ, ಭಕ್ತನ ಅಂಗದ ಮೇಲೆಯೇ ಇರುತ್ತದೆ. ಅದರ ಪೂಜೆಗೆ ಪೂಜಾರಿ ಬೇಕಿಲ್ಲ. ಮಂತ್ರಿಯ ಅಂಗೈಗೂ ಸಮಗಾರನ ಅಂಗೈಗೂ ಹೆಣ್ಣಿನ ಅಂಗೈಗೂ ಅದು ಒಂದೇ. ಕುರುಹನ್ನು ಹಿಡಿದು ಅರಿವನ್ನು ಬಿಟ್ಟವರನ್ನು ನಮ್ಮ ವಚನಕಾರರೇ, ಅದರಲ್ಲಿಯೂ ಅಲ್ಲಮಪ್ರಭುಗಳು, ತೀಕ್ಷ್ಣವಾಗಿ ಟೀಕಿಸಿದ್ದಾರೆ. ಅಂದರೆ ಆ ತರುಣನ ಸಂಶಯ ನಮ್ಮ ಧರ್ಮದ ಹೊರಗಿನದಲ್ಲ. ಎಂಟುನೂರು ವರ್ಷಗಳಿಂದ ಒಳಗೇ ಇರುವಂಥದು. ಅವನಿಗೆ ಇದನ್ನು ಹೇಳಿದರೆ ಅವನು ಇನ್ನೂ ಹತ್ತಿರ ಬಂದಾನು.

ಎರಡನೆಯ ಪ್ರಶ್ನೆಗೆ ಗ್ರಂಥದಲ್ಲಿ ಉತ್ತರವಿದೆ, ಮನೆಯಲ್ಲಿ ಇಲ್ಲ. ಜನನ, ಜಾತಿ, ಪ್ರೇತ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಇದನ್ನು ಬಾಯಿಪಾಠ ಬಲ್ಲ ನಮ್ಮ ಎಷ್ಟೋ ಮನೆಗಳಲ್ಲಿ ಐದನೆಯದು ಇಂದಿಗೂ ಪೂಜಾಗೃಹದ ಬಾಗಿಲು ಕಾಯುತ್ತಿದೆ.

ಮೂರನೆಯ ಪ್ರಶ್ನೆಗೆ ಬಾಯಿಂದ ಕೊಡಬಹುದಾದ ಉತ್ತರವೇ ಇಲ್ಲ. ಶಿಕ್ಷಕರು ಬಸವಣ್ಣನವರನ್ನು ಅಲ್ಲಗಳೆಯಲಿಲ್ಲ. ಬಸವಣ್ಣನವರ ಪಕ್ಷದಲ್ಲಿ ನಿಂತು ನಮ್ಮನ್ನು ಕೇಳಿದರು. ಮಾದಾರ ಚೆನ್ನಯ್ಯನ ಮಗ ತಾನೆಂದು ಬಸವಣ್ಣನವರು ಹೇಳಿಕೊಂಡರು. ಹರಳಯ್ಯ ಮಧುವರಸರು ತಮ್ಮ ಮಕ್ಕಳ ಮದುವೆಗಾಗಿ ಎಳೆಹೂಟೆಯ ಶಿಕ್ಷೆಗೆ ಒಳಗಾಗಿ ಪ್ರಾಣವನ್ನೇ ತೆತ್ತರು. ಆ ರಕ್ತದ ಕಥೆಯನ್ನು ಹಾಡಿಕೊಂಡು ಹೋದವರಿಗೆ, ನಿಮ್ಮ ಲಗ್ನಪತ್ರಿಕೆಗಳಲ್ಲಿ ಒಳಪಂಗಡದ ಲೆಕ್ಕ ಏಕೆ ಮುಗಿದಿಲ್ಲ ಎಂದು ಕೇಳುವ ಅಧಿಕಾರ ಆ ಮನೆಗೆ ಇದೆ. ಇದಕ್ಕೆ ಜಾಣ ಉತ್ತರವನ್ನು ಅಚ್ಚು ಹಾಕಿಸಿ ಕೊಟ್ಟರೆ ಪ್ರಶ್ನೆ ತೀರುವುದಿಲ್ಲ, ನಮ್ಮ ಮೇಲಿನ ವಿಶ್ವಾಸ ತೀರುತ್ತದೆ.

ಗೋರಕ್ಷನ ಪ್ರಸಂಗ ಇಲ್ಲಿ ನಮಗೆ ದಾರಿ ತೋರುತ್ತದೆ. ಗೋರಕ್ಷನದು ವಜ್ರಕಾಯ. ಕತ್ತಿಯಿಂದ ಹೊಡೆದರೆ ಗಾಯವಾಗಲಿಲ್ಲ, ಆದರೆ ಸದ್ದಾಯಿತು. ಅದೇ ಕತ್ತಿಯನ್ನು ಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾಯ್ದಂತೆ ಹಾಯ್ದು ಹೋಯಿತು. ಸಿದ್ಧ ಉತ್ತರಗಳಿಂದ ಗಟ್ಟಿಮಾಡಿದ ಶ್ರದ್ಧೆ ಗೋರಕ್ಷನ ಕಾಯದಂತೆ. ಪ್ರಶ್ನೆ ತಾಗಿದಾಗಲೆಲ್ಲ ಅದು ಸದ್ದು ಮಾಡುತ್ತದೆ. ಆ ಸದ್ದಿಗೇ ನಾವು ವಾದವೆನ್ನುತ್ತೇವೆ. ಅಹಂಕಾರವಿಲ್ಲದ ಶ್ರದ್ಧೆಗೆ ತಾಗಿಸಿಕೊಳ್ಳಲು ಏನೂ ಇರುವುದಿಲ್ಲ. ಅದು ಕೇಳುತ್ತದೆ, ನಿಜವಾದುದನ್ನು ಇಟ್ಟುಕೊಳ್ಳುತ್ತದೆ.

ಎಲ್ಲ ಪ್ರಶ್ನೆಗಳೂ ಒಂದೇ ಬಗೆಯವಲ್ಲ ಎಂಬುದೂ ನಿಜ. ಅಪಹಾಸ್ಯಕ್ಕೆಂದೇ ಕೇಳುವವರಿದ್ದಾರೆ. ಗುರುತಿಸುವುದು ಕಷ್ಟವಲ್ಲ. ಉತ್ತರಕ್ಕಾಗಿ ಕಾಯುವವನು ಜಿಜ್ಞಾಸು, ಕಾಯದವನು ಕುಚೋದ್ಯಗಾರ. ಕುಚೋದ್ಯಕ್ಕೆ ಒಂದು ಶರಣಾರ್ಥಿ ಹೇಳಿ ಮುಂದಿನ ಮನೆಗೆ ನಡೆಯಬೇಕು. ಕಾಯುವವನ ಮುಂದೆ ನಿಲ್ಲಬೇಕು. ಉತ್ತರ ತಿಳಿಯದಿದ್ದರೆ ‘ಕೇಳಿಕೊಂಡು ಬರುತ್ತೇವೆ’ ಎನ್ನಬೇಕು, ಮತ್ತು ನಿಜವಾಗಿಯೂ ಬರಬೇಕು.

ಇನ್ನೊಬ್ಬ ಮಹನೀಯರನ್ನು ಇಲ್ಲಿ ಸ್ಮರಿಸುತ್ತೇನೆ. ಫ.ಗು. ಹಳಕಟ್ಟಿಯವರು ಓಲೆಗರಿಗಳಿಗಾಗಿ ಮನೆ ಮನೆ ಅಲೆದರು. ಎಷ್ಟೋ ಮನೆಗಳ ಜಗುಲಿಯ ಮೇಲೆ ಆ ಕಟ್ಟುಗಳಿಗೆ ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಅವರು ಬೇಡಿ ಪಡೆದು, ಬಿಚ್ಚಿ ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದು ನಮ್ಮ ಕೈಯಲ್ಲಿರುವ ಕಿರುಹೊತ್ತಗೆಯ ಹಿಂದೆ ಅವರು ಬೇಡಿದ ಬಾಗಿಲುಗಳಿವೆ. ವಚನವನ್ನು ಹಂಚುವುದಕ್ಕೆ ಮೊದಲು ಅವರು ಕೇಳುವುದಕ್ಕೆ ಹೋದರು.

ಆದುದರಿಂದ ಪೂಜ್ಯರ ಪಾದಗಳಲ್ಲಿಯೂ ಸದ್ಭಕ್ತರ ಮುಂದೆಯೂ ನನ್ನ ಬಿನ್ನಹ ಇಷ್ಟು. ಒಂದು, ಪ್ರತಿ ತಂಡವೂ ಹೊತ್ತಗೆಗಳ ಜೊತೆಗೆ ಒಂದು ಖಾಲಿ ನೋಟುಬುಕ್ಕನ್ನು ಒಯ್ಯಲಿ. ಹೊಸ್ತಿಲಲ್ಲಿ ಕೇಳಿದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲಿಯೇ ಬರೆದುಕೊಂಡು ಬರಲಿ. ಅವು ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಎಲ್ಲರ ಮುಂದೆ ಓದಲ್ಪಡಲಿ. ಎರಡು, ತಂಡದಲ್ಲಿ ಹೊರಡುವ ಪ್ರತಿಯೊಬ್ಬರೂ ಹೊರಡುವ ಮೊದಲು ತಮ್ಮ ಮನೆಯ ಪೂಜಾ ಕೋಣೆಯಲ್ಲಿ ಐದನೆಯ ಸೂತಕವಿದೆಯೋ ಇಲ್ಲವೋ ನೋಡಿಕೊಳ್ಳಲಿ. ಇದ್ದರೆ ಮೊದಲ ಪ್ರವಚನ ಅಲ್ಲಿಯೇ ಆಗಲಿ. ಮೂರು, ಮಠದ ಕಲ್ಯಾಣ ಮಂಟಪದಲ್ಲಿ ಜಾತಿ ಒಳಪಂಗಡಗಳನ್ನು ಮೀರಿ ಲಗ್ನವಾಗುವ ವಧೂವರರಿಗೆ ಬಾಡಿಗೆಯಿಲ್ಲದೆ ಸ್ಥಳ ದೊರೆಯಲಿ, ಪೂಜ್ಯರ ಸನ್ನಿಧಾನವಿರಲಿ, ಮನೆಯವರು ಬಾರದಿದ್ದರೆ ಮಠದ ಹಿರಿಯರೇ ತಂದೆತಾಯಿಗಳ ಸ್ಥಾನದಲ್ಲಿ ನಿಲ್ಲಲಿ. ಇಂಥ ಒಂದು ಲಗ್ನ ನಡೆದರೂ ಸಾಕು, ಅದರ ಅಕ್ಷತೆಗೆ ಕರೆಯಲು ನಾವು ಆ ಶಿಕ್ಷಕರ ಮನೆಗೆ ಮತ್ತೆ ಹೋಗಬಹುದು. ಅಂದು ನಮ್ಮ ಕೈಯಲ್ಲಿ ಅವರ ಪ್ರಶ್ನೆಗೆ ಒಂದು ಲಗ್ನಪತ್ರಿಕೆಯಾದರೂ ಇರುತ್ತದೆ.

ಮಠದ ಪ್ರಸಾದವನ್ನು ಉಂಡು ಬರೆಯುವವನಿಗೆ ಮಠವನ್ನೇ ಕುರಿತು ಹೀಗೆ ಬರೆಯುವುದು ಸಲೀಸಲ್ಲ. ಆದರೆ ಅಂಬಿಗರ ಚೌಡಯ್ಯನಂಥ ನಿಷ್ಠುರವಾದಿಯ ವಚನಗಳನ್ನು ದಿನವೂ ವಿವರಿಸುತ್ತ, ಅವನ ಮಾತು ಹೊರಗಿನವರಿಗೆ ಮಾತ್ರ ಎಂದುಕೊಳ್ಳುವುದು ಶರಣಮಾರ್ಗವಲ್ಲ. ಡಾಂಭಿಕ ಭಕ್ತರನ್ನೂ ವೇಷಧಾರಿ ಜಂಗಮರನ್ನೂ ಚೌಡಯ್ಯ ಸಮನಾಗಿ ಝಾಡಿಸಿದ. ಆತನನ್ನು ನಮ್ಮ ಹಿರಿಯರು ಊರು ಬಿಡಿಸಲಿಲ್ಲ. ಅವನ ವಚನಗಳನ್ನು ಓಲೆಗರಿಯಲ್ಲಿ ಬರೆದು ಕಾಪಾಡಿದರು.

ಮುಂದಿನ ಶ್ರಾವಣಕ್ಕೆ ಹೊರಡುವ ತರುಣ ತರುಣಿಯರೆ, ಯಾವ ಮನೆಯನ್ನೂ ಬಿಡದೆ ಹೋಗಿರಿ. ಹಿಟ್ಟು ಬಿದ್ದರೆ ದಾಸೋಹಕ್ಕೆ ತನ್ನಿರಿ, ಪ್ರಶ್ನೆ ಬಿದ್ದರೆ ಗೋಷ್ಠಿಗೆ ತನ್ನಿರಿ. ಎರಡೂ ಭಕ್ತರು ಕೊಟ್ಟ ಭಿಕ್ಷೆಯೇ.